ಸೇನಾಪತಿಯ ಹೆಂಡತಿ, ನಮ್ಮ ಮಾಸ್ತಮ್ಮ

ಚೀನಾ ದೇಶದಲ್ಲಿ ಬಹಳ ಹಿಂದೆ ಇದ್ದನೆಂದು ಹೇಳುವ ಒಬ್ಬ ಸೇನಾಪತಿಯ ಸಂಸಾರದ ಕಥೆ ನನಗೆ ಬಾಯಿಪಾಠವಾಗಿದೆ. ಬೇಕೆಂದು ಕಲಿತದ್ದಲ್ಲ. ಕಡೂರಿನಿಂದ ಮದುವೆಯಾಗಿ ಅಜ್ಜಂಪುರದ ಮಗ್ಗುಲಿನ ಆ ಹಳ್ಳಿಗೆ ಬಂದ ಮೇಲೆ, ನಡುಮನೆಯ ಬಾಗಿಲ ಹಿಂದೆ ಕೂತು ರಾಗಿ ಕೇರುತ್ತಾ ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.  ಆ ಸೇನಾಪತಿಯ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಹೊರಳದೆ ಇದ್ದದ್ದೇ ವಾಸಿ. ಅಂಥವನ ಹೆಸರು ಉಳಿದು ಯಾರಿಗೆ ಏನಾಗಬೇಕಾಗಿದೆ?

ಕಥೆ ಹೇಳುತ್ತಿದ್ದವರು ನಮ್ಮ ಚಿಕ್ಕಮಾವ. ತೀರಿಹೋಗಿದ್ದ ನಮ್ಮ ಮಾವನವರ ತಮ್ಮ. ಹರೆಯದಲ್ಲಿ ಮನೆ ಬಿಟ್ಟು ಓಡಿಹೋಗಿ, ಮದರಾಸಿನ ಪಲ್ಟಣ ಸೇರಿ, ಇಂಗ್ಲಿಷರ ಹಡಗು ಹತ್ತಿ ಚೀನಾಕ್ಕೆ ಹೋಗಿಬಂದವರು. ಅಲ್ಲಿ ಯುದ್ಧ ಮಾಡಿದರೋ ಮೂಟೆ ಹೊತ್ತರೋ ದೇವರಿಗೇ ಗೊತ್ತು. ಪಾಳೆಯದಲ್ಲಿ ಹಿಂದೂಸ್ತಾನಿ ಬಲ್ಲ ಒಬ್ಬ ಚೀನಾದವನಿದ್ದನಂತೆ, ಅವನು ಬಿಡುವಾದಾಗ ಇವರಿಗೆ ಹಳೇ ಕಾಲದ ಕಥೆ ಹೇಳುತ್ತಿದ್ದನಂತೆ. ಇವರು ಊರಿಗೆ ತಂದದ್ದು ಒಂದು ಕಂಬಳಿ ಕೋಟು, ಒಂದು ತಗಡಿನ ಪೆಟ್ಟಿಗೆ ಮತ್ತು ಆ ಕಥೆ. ಕೋಟು ನುಸಿ ತಿಂದು ಹೋಯಿತು. ಕಥೆಯನ್ನು ತಿನ್ನುವ ನುಸಿ ಹುಟ್ಟಲಿಲ್ಲ.

ಸಂಜೆ ಹೊತ್ತು ಮುಳುಗುವ ಮುಂಚೆ ಜಗಲಿ ಮೇಲೆ ಗಂಡಸರೆಲ್ಲ ಸೇರುತ್ತಿದ್ದರು. ಚಿಕ್ಕಮಾವ ಎಲೆಅಡಿಕೆಯ ರಸವನ್ನು ಜಗಲಿಯ ಕೆಳಕ್ಕೆ ಪಿಚಕ್ಕನೆ ಉಗಿದು ಗಂಟಲು ಸರಿಮಾಡಿಕೊಂಡರೆಂದರೆ ಕಥೆ ಶುರು. ಬೆಳಿಗ್ಗೆ ಆ ಕಲೆಯನ್ನು ಸಗಣಿ ನೀರು ಹಾಕಿ ಸಾರಿಸುವುದು ಮಾತ್ರ ನನ್ನ ಪಾಲು.

ಆ ಸೇನಾಪತಿ ಒಬ್ಬ ಸಿಪಾಯಿಯ ಕಾಲಿನ ಕುರುವಿಗೆ ಬಾಯಿಟ್ಟು ಕೀವು ಹೀರಿ ತೆಗೆದನಂತೆ. ಇದನ್ನು ಕೇಳಿ ಜಗಲಿಯವರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಎಂಥ ದೊಡ್ಡ ಮನಸ್ಸು, ಎಂಥ ಧಣಿ! ನನಗೆ ವಾಕರಿಕೆ ಬರುತ್ತಿತ್ತು. ಕೀವಿಗಲ್ಲ. ಮಕ್ಕಳನ್ನು ಸಾಕಿದ ಹೆಂಗಸಿಗೆ ಕೀವು, ಉಚ್ಚೆ, ವಾಂತಿ ಯಾವುದೂ ಅಸಹ್ಯವಲ್ಲ. ಊರಿನವರ ಕುರು ಕಾಣುವ ಅವನಿಗೆ ಮನೆಯವಳ ಮುಖ ಕಾಣುತ್ತಿರಲಿಲ್ಲವಲ್ಲ, ಅದಕ್ಕೆ. ಮೊದಲ ಹೆಂಡತಿಗೆ ಒಂದು ಪಟ್ಟಿ ನೇಯಲು ಹೇಳಿದ್ದನಂತೆ. ಅವಳು ನೇಯ್ದದ್ದು ಅವನು ಹೇಳಿದ ಅಗಲಕ್ಕಿಂತ ಒಂದಿಷ್ಟು ಕಡಿಮೆ ಬಂತಂತೆ. ಅಷ್ಟಕ್ಕೇ ಅವಳನ್ನು ತವರಿಗೆ ಅಟ್ಟಿದನಂತೆ. ಅವಳ ಅಣ್ಣ ಬಂದು ಕೈಮುಗಿದರೂ ಜಗ್ಗಲಿಲ್ಲವಂತೆ. ಜಗಲಿಯ ಮೇಲೆ ಒಬ್ಬನಾದರೂ 'ಪಾಪ' ಎನ್ನಲಿಲ್ಲ. ಮಾತು ಅಂದರೆ ಮಾತು ಎಂದು ತಲೆದೂಗಿದರು. ಇವರಲ್ಲಿ ಯಾವನೂ ಹೇಳಿದ ಹೊತ್ತಿಗೆ ಮನೆಗೆ ಸೌದೆ ಒಡೆದುಕೊಟ್ಟವನಲ್ಲ.

ಆಮೇಲೆ ಕಥೆಯ ತಿರುಳು. ಚಿಕ್ಕಮಾವ ಅದಕ್ಕೆಂದೇ ಮೊಣಕಾಲ ಮೇಲೆ ಎದ್ದು ಕೂರುತ್ತಿದ್ದರು.

"ಶತ್ರು ದೇಶದೋರು ದಂಡೆತ್ತಿ ಬಂದ್ರು ಕಣ್ರಪ್ಪಾ. ಇವ್ನೇ ಸೇನಾಪತಿ ಆಗ್ಬೇಕು, ಆದ್ರೆ ರಾಜಂಗೆ ಅನುಮಾನ. ಯಾಕೆ? ಇವ್ನ ಈಗಿನ ಹೆಂಡ್ತಿ ಆ ಶತ್ರು ದೇಶದೋಳು! ಇಂಥೋನ ಕೈಗೆ ಸೈನ್ಯ ಕೊಡಾದೆಂಗೆ ಅಂತ. ಇವ್ನೇನ್ ಮಾಡ್ದ ಗೊತ್ತಾ? ಸೀದಾ ಮನೆಗೋದ. ಕತ್ತಿ ತಗಂಡ. ಹೆಂಡ್ತೀನ ಕೊಂದಾಕಿ ಬಂದು ರಾಜನ ಮುಂದೆ ನಿಂತ್ಕಂಡ. ಈಗ ನಂಬ್ತೀರಾ ಸ್ವಾಮಿ ಅಂದ!"

"ಗಂಡ್ಸು ಅಂದ್ರೆ ಅವ್ನು ಕಣ್ಲಾ!" ಎಂದು ಯಾರೋ ತೊಡೆ ತಟ್ಟಿದರು.

ಗಂಡಸರು ಹೀಗೆಂದದ್ದು ನನಗೆ ಆಶ್ಚರ್ಯವಲ್ಲ. ಬಾಗಿಲ ಒಳಗೆ ನಡೆದದ್ದು ಇನ್ನೂ ಕೆಟ್ಟದ್ದು. ನಮ್ಮತ್ತೆ ಮೊರವನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿ, "ಅಯ್ಯೋ ನನ್ತಾಯಿ, ಗಂಡನ ಕೆಲ್ಸ ಆಗ್ಲಿ ಅಂತ ಜೀವ ಕೊಟ್ಳಲ್ಲಾ, ಪುಣ್ಯಾತ್ಗಿತ್ತಿ! ಮುತ್ತೈದೆ ಸಾವು!" ಎಂದುಬಿಟ್ಟರು. ಅವನು ಕೊಂದ ಕಥೆ ಬಾಗಿಲು ದಾಟುವಷ್ಟರಲ್ಲಿ ಅವಳು ಸತ್ತುಕೊಟ್ಟ ಕಥೆಯಾಗಿತ್ತು.

ಇದಕ್ಕೆ ಕಾರಣ ನಮ್ಮ ಕೆರೆ ಏರಿಯ ಮೇಲಿದ್ದ ಕಲ್ಲು. ಹೊಂಗೆ ಮರದ ಬುಡದಲ್ಲಿ ಎದೆಮಟ್ಟ ನಿಂತ ಹಳೇ ಮಾಸ್ತಿಕಲ್ಲು. ಅದರಲ್ಲಿ ಕೆತ್ತಿದ ಕಂಬದಿಂದ ಹೊರಟ ಒಂದು ಕೈ ಮೇಲಕ್ಕೆ ಎತ್ತಿದೆ, ಕೈ ತುಂಬ ಬಳೆ. ಪಕ್ಕದಲ್ಲಿ ಒಬ್ಬ ಹೆಂಗಸು, ಮುಖ ಸವೆದು ಬಾಯಿಯ ಗೆರೆ ಮಾತ್ರ ಉಳಿದಿದೆ. ಯಾವ ಕಾಲದಲ್ಲೋ ಗಂಡನ ಜೊತೆ ಬೆಂಕಿಗೆ ಬಿದ್ದವಳು, ಊರಿನವರಿಗೆ ಮಾಸ್ತಮ್ಮ. ಶುಕ್ರವಾರಕ್ಕೆ ಅವಳ ಹಣೆಗೆ ಕುಂಕುಮ, ಕೆರೆ ತುಂಬಿದರೆ ಕೆರೆಗೆ ಬಾಗಿನ ಬಿಟ್ಟು ಅವಳಿಗೆ ಪೂಜೆ. ಗಂಡನಿಗಾಗಿ ಸತ್ತವಳು ಎಂದರೆ ನಮ್ಮ ಕಡೆಯ ಹೆಂಗಸರಿಗೆ ಕಣ್ಣ ಮುಂದೆ ಬರುತ್ತಿದ್ದದ್ದು ಆ ಕಲ್ಲು. ಚೀನಾದವಳನ್ನೂ ಎತ್ತಿಕೊಂಡು ಹೋಗಿ ಅಲ್ಲೇ ನಿಲ್ಲಿಸಿದರು.

"ಅವ್ಳಿಗೂ ಅಲ್ಲಿ ಕಲ್ಲು ನಿಲ್ಸವ್ರಾ?" ಎಂದು ಅತ್ತೆ ಒಳಗಿನಿಂದಲೇ ಮೈದುನನನ್ನು ಕೇಳಿದರು.

ಗೊತ್ತಿಲ್ಲ ಎಂಬ ಮಾತು ಚಿಕ್ಕಮಾವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. "ನಿಲ್ಲಿಸ್ದೆ ಬಿಡ್ತಾರಾ ಅತ್ತಿಗೆಮ್ಮ! ಕಣ್ಣಾರೆ ಕಂಡಿವ್ನಿ. ನಮ್ದಕ್ಕಿಂತ ಎರಡಾಳು ಎತ್ತರ!" ಎಂದರು.

ಮುಂದಿನ ಶುಕ್ರವಾರ ಅತ್ತೆ ಮಾಸ್ತಮ್ಮನ ಹಣೆಗೆ ಒಂದು ಬೊಟ್ಟಿಟ್ಟು, ಅದರ ಕೆಳಗೆ ಇನ್ನೊಂದು ಚಿಕ್ಕ ಬೊಟ್ಟಿಟ್ಟರು. ಚೀನಾದವಳಿಗೆ. ಅದು ಓಣಿಯ ಹೆಂಗಸರಿಗೆಲ್ಲ ವಾಡಿಕೆಯಾಯಿತು. ಎಲ್ಲಿಯ ಚೀನಾ, ಎಲ್ಲಿಯ ನಮ್ಮೂರಿನ ಏರಿ! ಒಬ್ಬನು ಹೆಂಡತಿಯನ್ನು ಕಡಿದದ್ದಕ್ಕೆ ಇವರು ಅರಿಶಿನ ಕುಂಕುಮ ಕಲಸಿಕೊಂಡು ಹೋಗುತ್ತಿದ್ದರು.

ಅತ್ತೆ ಮೊರ ಕೆಳಗಿಟ್ಟು ಕೈಜೋಡಿಸಿದ ಆ ಸಂಜೆ ನನ್ನ ಪಕ್ಕದಲ್ಲಿ ಕೂತಿದ್ದವಳು ನನ್ನ ಓರಗಿತ್ತಿ, ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮಾತು ಕಡಿಮೆ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಎಲ್ಲರೂ ಪುಣ್ಯಾತ್ಗಿತ್ತಿ ಪುಣ್ಯಾತ್ಗಿತ್ತಿ ಎನ್ನುವಾಗ ಅವಳು ಕೇರುತ್ತಲೇ ನನ್ನ ಕಡೆ ವಾಲಿ, "ಅವ್ಳನ್ನ ಒಂದ್ ಮಾತು ಕೇಳಿದ್ನಂತೇನೇ?" ಎಂದಳು.

"ಕಥೇಲಿ ಅದಿಲ್ಲ ಅಕ್ಕ" ಎಂದೆ.

"ಇರಾಕಿಲ್ಲ ಬಿಡು" ಎಂದು ಕಲ್ಲು ಆರಿಸತೊಡಗಿದಳು.

ಅವಳ ತವರು ಕೆರೆಯ ಹಿಂದಿನ ಊರು. ಕೆರೆ ತುಂಬಿದಾಗ ಹಿನ್ನೀರು ಆ ಊರಿನ ಹೊಲದ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಏರಿಯ ಮೇಲೆ ನಿಂತರೆ ಅವಳ ತಾಯಿಯ ಮನೆಯ ತೆಂಗಿನ ತಲೆಗಳು ಕಾಣುತ್ತಿದ್ದವು. ಆ ವರ್ಷ ನಮ್ಮೂರಿನವರು ಇನ್ನೂ ಒಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಕಲ್ಲು ಮಣ್ಣು ಪೇರಿಸಿ ಎತ್ತರಿಸಿದರು. ಅವರ ಹೊಲ ಮುಳುಗಿತು. ಅವರು ಬಂದು ಒಡೆದರು. ಇವರು ಮತ್ತೆ ಕಟ್ಟಿದರು, ದೊಣ್ಣೆ ಹಿಡಿದು ಕಾವಲು ಕೂತರು. ತಲೆಗಳು ಒಡೆದವು. ಕೊನೆಗೆ ತರೀಕೆರೆಯಿಂದ ಅಮಲ್ದಾರರೇ ಬಂದು ಕೋಡಿ ನೋಡುತ್ತಾರೆ ಎಂದಾಯಿತು. ಊರ ಪರವಾಗಿ ಅವರೆದುರು ನಿಂತು ಮಾತಾಡಲು ಒಬ್ಬ ಮುಂದಾಳು ಬೇಕಾಯಿತು.

ನಮ್ಮ ಭಾವನಿಗೆ ಆ ಹುಚ್ಚು ಮೊದಲಿನಿಂದಲೂ ಇತ್ತು. ಒಳ್ಳೆಯ ಮೀಸೆ, ದೊಡ್ಡ ಗಂಟಲು. ಅಷ್ಟೇ ಸಾಕೆಂದು ಅವರು ತಿಳಿದಿದ್ದರು. ಆದರೆ ಊರಿನ ಹಿರಿಯರು ಕೆಮ್ಮಿದರು, ತಲೆ ಕೆರೆದುಕೊಂಡರು. ಒಬ್ಬರಂತೂ ಜಗಲಿಯ ಮೇಲೇ ಹೇಳಿದರು: "ನಿನ್ ಹೆಂಡ್ತಿ ಆ ಊರೋಳಲ್ವೇನಪ್ಪಾ. ನಿನ್ ಭಾವ್ಮೈದ್ನೇ ಕೋಡಿ ಒಡ್ದೋನು. ನಾಳೆ ಅವ್ರ ಜೊತೆ ಒಳಗೊಳಗೇ ರಾಜಿ ಆದ್ರೆ ನಾವೇನ್ ಮಾಡಾನ?"

ಭಾವ ಚಿಕ್ಕಮಾವನ ಕಡೆ ನೋಡಿದರು. ಚಿಕ್ಕಮಾವ ಮೀಸೆಯಡಿ ನಕ್ಕರು. ಆ ನಗೆ ನನಗೆ ಬಾಗಿಲ ಸಂದಿಯಿಂದ ಕಂಡಿತು, ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

ಅದೇ ವಾರ ಅಕ್ಕನ ತಾಯಿಗೆ ಜ್ವರ ಏರಿತು. ಅಕ್ಕನ ಅಣ್ಣ, ಅದೇ ಕೋಡಿ ಒಡೆದವನು, ನಮ್ಮೂರಿನ ಹುಡುಗರ ದೊಣ್ಣೆಗಳ ನಡುವೆ ಬರಿಗೈಯಲ್ಲಿ ನಡೆದು ಬಂದು ನಮ್ಮ ಅಂಗಳದಲ್ಲಿ ನಿಂತ. ಹೆಗಲ ವಸ್ತ್ರವನ್ನು ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ.

"ಭಾವಯ್ಯ, ಅವ್ವ ಇನ್ನು ಉಳ್ಯಾದಿಲ್ಲ. ನಾವ್ ಬಾಯಿಗೆ ನೀರ್ ಬಿಟ್ರೆ ತುಟಿ ಬಿಗಿಹಿಡ್ಕಂತಾಳೆ. ಮಗಳ ಕೈಯಿಂದ್ಲೇ ಕುಡೀತೀನಿ ಅಂತಾಳೆ. ಒಂದ್ ಗಳಿಗೆ ಕಳ್ಸಿಕೊಡಿ. ನಾನೇ ಕರ್ಕಂಡ್ ಬಂದು ಬಿಡ್ತೀನಿ" ಎಂದ.

ಜಗಲಿ ತುಂಬ ಗಂಡಸರಿದ್ದರು. ಯಾರೂ ಇಲ್ಲದಿದ್ದರೆ ಭಾವ ಕಳಿಸುತ್ತಿದ್ದರೆಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಅದಕ್ಕೇ ಇನ್ನೂ ಹೇಸಿಗೆ. ಅವರು ಎದ್ದು ನಿಂತು, ಭಾವಮೈದುನನನ್ನಲ್ಲ, ಜಗಲಿಯವರನ್ನು ನೋಡುತ್ತಾ ಗಟ್ಟಿಯಾಗಿ ಹೇಳಿದರು: "ನನ್ ಮನೆಯೋರ್ಗೆ ಆ ಊರ ದಾರಿ ಮುಚ್ಚೋಯ್ತು. ಸಾಯೋರು ಸಾಯ್ಲಿ, ಬದ್ಕೋರು ಬದುಕ್ಲಿ. ನನಗೆ ನನ್ನೂರು ದೊಡ್ದು!"

ಜಗಲಿಯ ಮೇಲೆ ಭೇಷ್ ಭೇಷ್ ಎಂಬ ಸದ್ದೆದ್ದಿತು. ಕೆಮ್ಮುತ್ತಿದ್ದ ಹಿರಿಯರೇ ಎದ್ದು ಬಂದು ಭಾವನ ಹೆಗಲ ಮೇಲೆ ಕೈಯಿಟ್ಟರು. ಚಿಕ್ಕಮಾವನಂತೂ, "ಇಷ್ಟ್ ದಿನ ಕಥೆ ಹೇಳ್ತಿದ್ದೆ, ಈಗ ನಮ್ಮನೇಲೇ ಸೇನಾಪತಿ ಹುಟ್ದ" ಎಂದು ಪಿಚಕ್ಕನೆ ಉಗಿದರು. ಅಂಗಳದಲ್ಲಿದ್ದವನು ಒಳಗೆ ಕಣ್ಣಾಡಿಸಿ ತಂಗಿ ಕಾಣದೆ ಹೊರಟುಹೋದ.

ಅಕ್ಕ ಒಳಗೆ ಒಲೆಯ ಮುಂದಿದ್ದಳು. ಎಲ್ಲ ಕೇಳಿಸಿತ್ತು. ನಾನು ಅವಳ ತೋಳು ಹಿಡಿದು, "ಹಿತ್ತಲ ಬಾಗಿಲಿಂದ ಹೋಗು ಅಕ್ಕ, ಮುದ್ದೆ ನಾನ್ ತಿರುವ್ತೀನಿ" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು ಕೂಡ. ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಸೊಸೆಯ ಗಲ್ಲ ಸವರಿ, "ನೀನು ಹೋದ್ರೆ ನನ್ ಮಗ ಊರೆದುರು ತಲೆ ತಗ್ಗಿಸ್ಬೇಕಾಯ್ತದೆ ಕಣವ್ವಾ. ತಡ್ಕೋ. ಇಂಥ ಪುಣ್ಯ ಎಲ್ರಿಗೂ ಸಿಕ್ಕಾದಿಲ್ಲ" ಎಂದರು. ದೊಣ್ಣೆ ಹಿಡಿದು ಅಡ್ಡ ನಿಂತಿದ್ದರೆ ಅಕ್ಕ ನೂಕಿಕೊಂಡಾದರೂ ಹೋಗುತ್ತಿದ್ದಳೇನೋ. ಅವರು ಅಳುತ್ತಾ ಅಡ್ಡ ನಿಂತಿದ್ದರು.

ಅಕ್ಕ ತಿರುಗಿ ಬಂದು ಮುದ್ದೆ ತಿರುವಿದಳು. ಜಗಲಿಯವರಿಗೆಲ್ಲ ಅಂದು ನಮ್ಮ ಮನೆಯಲ್ಲೇ ಊಟ. ಮುಂದಾಳಾದ ಸಂತೋಷಕ್ಕೆ. ಹುರುಳಿ ಸಾರನ್ನು ಸೊರ ಸೊರ ಎಳೆದುಕೊಂಡು, ಮುದ್ದೆ ಮುರಿದು ನುಂಗಿ, ಇನ್ನೊಂದಿಷ್ಟು ಸಾರು ಎಂದು ಕೈ ಚಾಚಿದರು. ಬಡಿಸುತ್ತಿದ್ದವಳ ತಾಯಿ ಕೆರೆಯ ಆಚೆ ಸಾಯುತ್ತಿದ್ದಾಳೆ ಎಂಬುದು ಆ ಪಂಕ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬನ ಗಂಟಲಲ್ಲೂ ತುತ್ತು ಸಿಕ್ಕಿಕೊಳ್ಳಲಿಲ್ಲ. ನನ್ನ ಗಂಡನೂ ಆ ಪಂಕ್ತಿಯಲ್ಲಿದ್ದರು. ಅಣ್ಣನ ಎದುರು ಬಾಯಿ ಬಿಡದವರು. ಅವರ ಎಲೆಗೆ ಎರಡನೇ ಸಲ ನಾನು ಬಡಿಸಲಿಲ್ಲ.

ಮಾರನೇ ದಿನ ಬಿಸಿಲೇರುವ ಹೊತ್ತಿಗೆ ನೀರಿನ ಮೇಲಿಂದ ತಮಟೆ ಸದ್ದು ಬಂತು. ಅಕ್ಕ ಬಾವಿಕಟ್ಟೆಯಲ್ಲಿ ಕೊಡ ಹಿಡಿದುಕೊಂಡಿದ್ದಳು. ಕೊಡ ಕೆಳಗಿಡಲಿಲ್ಲ, ಎತ್ತಿಕೊಳ್ಳಲಿಲ್ಲ. ತಮಟೆ ನಿಲ್ಲುವವರೆಗೂ ಹಾಗೇ ನಿಂತು, ಆಮೇಲೆ ತಲೆಗೆ ನೀರು ಸುರಿದುಕೊಂಡು ಒಳಗೆ ಬಂದಳು. ಎರಡೂರಿನ ಗಂಡಸರು ಒಂದು ಕೆರೆ ನೀರಿಗಾಗಿ ತಲೆ ಒಡೆದುಕೊಂಡರು. ಆ ನೀರಿನಲ್ಲಿ ಒಂದು ಮಿಳ್ಳೆ ಒಬ್ಬ ಮುದುಕಿಯ ಬಾಯಿಗೆ ಹೋಗಲು ಬಿಡಲಿಲ್ಲ. ಥೂ!

ಅಮಲ್ದಾರರು ಬಂದರು. ಕುದುರೆಯಿಂದಿಳಿದು, ಕೋಡಿ ನೋಡಿ, ಎರಡು ಕಡೆಯವರನ್ನೂ ಬೈದು, ಹೊಸದಾಗಿ ಪೇರಿಸಿದ್ದನ್ನೆಲ್ಲ ಕೀಳಿಸಿ, ಇದಕ್ಕಿಂತ ಎತ್ತರಿಸಬಾರದು ಎಂದು ಒಂದು ಗುರುತಿನ ಕಲ್ಲು ನೆಡಿಸಿ ಹೋದರು. ನಮ್ಮ ಸೇನಾಪತಿ ಅವರೆದುರು 'ಮಹಾಸ್ವಾಮಿ' ಎಂದದ್ದಕ್ಕಿಂತ ಹೆಚ್ಚು ಮಾತಾಡಲಿಲ್ಲವಂತೆ. ದೊಡ್ಡ ಗಂಟಲು ಅಂದು ಕಟ್ಟಿಹೋಗಿತ್ತಂತೆ. ಅಲ್ಲಿಗೆ ಜಗಳ ಮುಗಿಯಿತು. ಹಿಂದಿನ ವರ್ಷಗಳಲ್ಲಿ ನೀರು ಎಲ್ಲಿಗೆ ನಿಲ್ಲುತ್ತಿತ್ತೋ ಅಲ್ಲಿಗೇ ನಿಂತಿತು.

ಜಗಳ ಮುಗಿದ ಮೇಲೆ ಮುಂದಾಳಿನ ಕೆಲಸವೇನು? ಊರ ನ್ಯಾಯಕ್ಕೆ, ಹಬ್ಬದ ಮಾತಿಗೆ ಭಾವನನ್ನು ಯಾರೂ ಕರೆಯಲಿಲ್ಲ. ಅಂದು ಹೆಗಲ ಮೇಲೆ ಕೈಯಿಟ್ಟ ಹಿರಿಯರೇ ಕೆರೆಯ ದಾರಿಯಲ್ಲಿ, ನಾವು ಬಟ್ಟೆ ಒಗೆಯುತ್ತಿದ್ದದ್ದನ್ನೂ ಗಮನಿಸದೆ, "ಸಾಯೋ ತಾಯಿ ಮುಖ ನೋಡಕ್ಕೇ ಹೆಂಡ್ತೀನ ಬಿಡ್ದೋನು, ನಾಳೆ ನಮ್ಮುನ್ನ ಬಿಟ್ಟಾನಾ? ಅಂಥೋನ್ನ ಹತ್ರ ಸೇರಿಸ್ಬಾರ್ದು ಕಣಯ್ಯಾ" ಎಂದು ಹೇಳಿಕೊಂಡು ಹೋದರು. ಕೇಳಿ ನನಗೆ ನಗೆಯೂ ಬಂತು, ಕೈಯಲ್ಲಿದ್ದ ಒದ್ದೆ ಸೀರೆಯಿಂದ ಬಾರಿಸೋಣ ಎಂದೂ ಅನ್ನಿಸಿತು. ಭೇಷ್ ಎಂದ ಬಾಯಿ ಅದೇ!

ಮನೆಗೆ ಬಂದವಳೇ ಮರ್ಯಾದೆ ಬಿಟ್ಟು ಬಾಗಿಲಿಗೆ ಬಂದು ಚಿಕ್ಕಮಾವನನ್ನು ಕೇಳಿದೆ: "ಚಿಕ್ಕಮಾವ, ಹೆಂಡ್ತೀನ ಕೊಂದ್ಮೇಲೆ ಆ ಸೇನಾಪತಿಗೆ ಏನಾಯ್ತು?"

"ಯುದ್ಧ ಗೆದ್ದ."

"ಆಮೇಲೆ?"

ಅವರು ಎಲೆಗೆ ಸುಣ್ಣ ಸವರಿದರು. "ಆಮೇಲೇನು... ಹೆಂಡ್ತಿ ಕೊಂದೋನು ಯಾರ್ನೂ ಕೊಲ್ತಾನೆ ಅಂತ ರಾಜಂಗೆ ಯಾರೋ ಚಾಡಿ ಹೇಳಿದ್ರಂತೆ. ರಾಜ ಕೆಲ್ಸದಿಂದ ತೆಗ್ದಾಕಿದ್ನಂತೆ. ಅದ್ನ ಹೇಳಿದ್ರೆ ಕಥೆ ಚೆನ್ನಾಗಿರಾಕಿಲ್ಲ ಕಣವ್ವಾ" ಎಂದರು. ಇಷ್ಟು ವರ್ಷ ಅದನ್ನು ನುಂಗಿಕೊಂಡು, ಬರೀ ಕತ್ತಿಯನ್ನು ಊರಿಗೆ ಹಂಚಿದ್ದರು.

ಜಗಲಿ ಖಾಲಿಯಾದ ಮೇಲೆ ಭಾವನಿಗೆ ಹೆಂಡತಿಯ ನೆನಪಾಯಿತು. ಒಂದು ಬೆಳಿಗ್ಗೆ ನಡುಮನೆಯ ಹೊಸ್ತಿಲ ಮೇಲೆ ನಿಂತು, ವರ ಕೊಡುವವರ ಹಾಗೆ, "ಜಗಳ ಎಲ್ಲಾ ಮುಗೀತಲ್ಲ. ಇನ್ನು ಬೇಕಾದ್ರೆ ನಿನ್ ತವರಿಗೆ ಹೋಗ್ಬಾ" ಎಂದರು.

ಅಕ್ಕ ಬೀಸುವ ಕಲ್ಲಿನ ಗೂಟ ಬಿಡದೆ ಕೇಳಿದಳು: "ಯಾರ್ನ ನೋಡಕ್ಕೆ?"

ಭಾವ ಪಂಚೆ ಸರಿಮಾಡಿಕೊಂಡು ಹೊರಗೆ ಹೋದರು. ಆ ಮುಖದಲ್ಲಿ ಪಶ್ಚಾತ್ತಾಪ ಕಂಡಿತ್ತೆಂದು ಬರೆಯಲು ನನಗೂ ಆಸೆ. ಕಂಡದ್ದು ಸಿಟ್ಟು. ಕೊಟ್ಟದ್ದನ್ನು ತೆಗೆದುಕೊಳ್ಳಲಿಲ್ಲವಲ್ಲ ಎಂಬ ಸಿಟ್ಟು.

ಗಂಡಸರು ಬಿಟ್ಟರೂ ಹೆಂಗಸರು ಬಿಡಲಿಲ್ಲ. ಅವರ ಲೆಕ್ಕದಲ್ಲಿ ಅಕ್ಕ ಈಗ ಸಾಮಾನ್ಯಳಲ್ಲ. ಗಂಡನ ಮಾತಿಗೆ ಹೆತ್ತ ತಾಯಿಯನ್ನೇ ಬಿಟ್ಟುಕೊಟ್ಟವಳು. ಬಾವಿಯಲ್ಲಿ ಅವಳಿಗೆ ದಾರಿ ಬಿಡುತ್ತಿದ್ದರು, ಹೊಸ ಮದುಮಗಳನ್ನು ಕರೆತಂದು ಕಾಲಿಗೆ ಬೀಳಿಸುತ್ತಿದ್ದರು. ಅಕ್ಕ ಕಾಲು ಹಿಂದಕ್ಕೆಳೆದುಕೊಂಡರೆ ಅದನ್ನೂ ವಿನಯ ಎಂದರು. ಅತ್ತೆ ಮನೆಮನೆಗೆ ಹೋಗಿ ಹೇಳಿಬಂದರು: ಬರುವ ವರ್ಷ ಕೆರೆ ತುಂಬಿದರೆ ಮಾಸ್ತಮ್ಮನಿಗೆ ಮೊದಲ ಪೂಜೆ ನನ್ನ ದೊಡ್ಡ ಸೊಸೆಯದು.

ಮುಂದಿನ ಮಳೆಗಾಲಕ್ಕೆ ಕೆರೆ ತುಂಬಿತು. ಮಧ್ಯಾಹ್ನ ಊರಿನ ಮುತ್ತೈದೆಯರೆಲ್ಲ ಬಾಗಿನದ ಮೊರ ಹಿಡಿದು ಏರಿಯ ಮೇಲೆ ಸೇರಿದರು. ಕೋಡಿಯಲ್ಲಿ ನೀರು ಹರಿಯುವ ಸದ್ದು. ಆಚೆ ದಡದಲ್ಲಿ ಅಕ್ಕನ ತವರಿನ ತೆಂಗುಗಳು. ಅತ್ತೆ ಸೊಸೆಯ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ಮಾಸ್ತಮ್ಮಂಗೆ ಒಂದು, ಚೀನಾದೋಳ್ಗೆ ಒಂದು. ಇಡು ನನ್ನವ್ವಾ" ಎಂದರು.

ಅಕ್ಕ ಬಟ್ಟಲನ್ನು ನನ್ನ ಕೈಗಿತ್ತಳು. ಚೆಂಬು ತೆಗೆದುಕೊಂಡು ಮೆಟ್ಟಿಲಿಳಿದು ಕೆರೆಯಿಂದ ನೀರು ತಂದಳು. ಅಭಿಷೇಕ ಮಾಡುತ್ತಾಳೆಂದು ಎಲ್ಲರೂ ಕೈಮುಗಿದರು. ಅವಳು ಸೆರಗಿನ ತುದಿ ಒದ್ದೆ ಮಾಡಿ ಆ ಕಲ್ಲಿನ ಹಣೆಯನ್ನು ಉಜ್ಜಿದಳು. ಅಂಟಿಕೊಂಡು ಗಟ್ಟಿಯಾಗಿದ್ದ ಕುಂಕುಮ ಕೆಂಪಗೆ ಇಳಿಯಿತು. ಮೇಲಿನ ಬೊಟ್ಟು ಹೋಯಿತು, ಕೆಳಗಿನ ಬೊಟ್ಟೂ ಹೋಯಿತು. ಸೆರಗೆಲ್ಲ ಕೆಂಪಾಯಿತು. ಬರೀ ಕಲ್ಲು ಕಾಣುವವರೆಗೆ ಉಜ್ಜಿದಳು.

"ಏನೇ ಮಾಡ್ತಿದೀಯಾ, ಮುಂಡೇದೇ!" ಎಂದು ಅತ್ತೆ ಕೂಗಿದರು.

"ಇವ್ಳನ್ನೂ ಯಾರೂ ಒಂದ್ ಮಾತು ಕೇಳಿರಾಕಿಲ್ಲ ಅತ್ತೆ" ಎಂದಳು ಅಕ್ಕ. ದನಿ ಏರಲಿಲ್ಲ. "ಚೀನಾದೋಳ್ನ ಕೇಳಿದ್ರಾ? ನನ್ನ ಕೇಳಿದ್ರಾ? ಇವ್ಳು ತಾನೇ ಹೋಗಿ ಬೆಂಕಿಗೆ ಬಿದ್ಳು ಅಂತ ನೋಡ್ದೋರ್ಯಾರು? ಹಿತ್ತಲ ಬಾಗ್ಲಲ್ಲಿ ಯಾರ್ ನಿಂತಿದ್ರೋ."

 ಅಕ್ಕ ಉಳಿದ ನೀರನ್ನು ಕಲ್ಲಿನ ತಲೆಗೆ ಸುರಿಯಲಿಲ್ಲ. ಬಗ್ಗಿ, ಎಡಗೈಯನ್ನು ಆ ಹೆಂಗಸಿನ ಕಲ್ಲು ಗದ್ದಕ್ಕೆ ಆನಿಸಿ, ಸವೆದ ಬಾಯಿಯ ಗೆರೆಯ ಮೇಲೆ ಚೂರು ಚೂರೇ ಬಿಟ್ಟಳು, ಹಾಸಿಗೆ ಹಿಡಿದವರಿಗೆ ಕುಡಿಸುವ ಹಾಗೆ.

"ಬಾಯಾರಿರ್ತೈತೆ" ಎಂದಳು.

ಆಮೇಲೆ ಚೆಂಬು ಬೋರಲು ಹಾಕಿ, ಒದ್ದೆ ಸೆರಗು ಹಿಂಡಿಕೊಂಡು ಮನೆಗೆ ಹೋದಳು. ಅವಳು ಆ ಮನೆಯಲ್ಲೇ ಬಾಳಿದಳು, ಅಲ್ಲೇ ತೀರಿಕೊಂಡಳು. ನಾನು ಆ ಕಡೆ ಹೋದಾಗ ಏರಿ ಹತ್ತುತ್ತೇನೆ. ಕುಂಕುಮ ಒಯ್ಯುವುದಿಲ್ಲ. ಒಂದು ಚೆಂಬು ಸಾಕು, ನೀರು ಕೆರೆಯಲ್ಲೇ ಸಿಗುತ್ತದೆ.